ಊರೂರು ತಿರುಗುವ ಹಿಪ್ ಹಾಪ್ ಮಾಸ್ಟರ್ ಆಗುವುದು ಹೇಗೆ: ಮೊದಲ ವರ್ಕ್‌ಶಾಪ್‌ನಿಂದ ಎರಡನೇ ಕರೆಯವರೆಗೆ

ಬೆಂಗಳೂರಿನಲ್ಲಿ ಚೆನ್ನಾಗಿ ಕುಣಿಯುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರಲ್ಲಿ ಹಲವರು ಹುಬ್ಬಳ್ಳಿಗೋ ದಾವಣಗೆರೆಗೋ ಮಂಗಳೂರಿಗೋ ಹೋಗಿ ಒಂದು ವರ್ಕ್‌ಶಾಪ್ ಮಾಡಿ ಬರುತ್ತಾರೆ. ಪೋಸ್ಟರ್ ಚೆನ್ನಾಗಿರುತ್ತದೆ, ರೀಲ್ ಓಡುತ್ತದೆ. ಲೆಕ್ಕ ಹಾಕಿ ನೋಡಿದರೆ ಕೈಯಿಂದಲೇ ದುಡ್ಡು ಹೋಗಿರುತ್ತದೆ. ಆ ಊರಿನಿಂದ ಮತ್ತೆ ಫೋನ್ ಬರುವುದಿಲ್ಲ. ಆರು ತಿಂಗಳಾದ ಮೇಲೆ ಇನ್ನೊಂದು ಊರು, ಅದೇ ಕತೆ.

ನನ್ನನ್ನು ಕೇಳುವವರೆಲ್ಲ ಕೇಳುವುದು "ಹೊಸ ಊರಲ್ಲಿ ಅವಕಾಶ ಹೇಗೆ ಸಿಗುತ್ತೆ" ಅಂತ. ಹೋದ ವರ್ಷ ಹೋಗಿದ್ದ ಊರಿನವರು ಈ ವರ್ಷ ಯಾಕೆ ಕರೆಯಲಿಲ್ಲ ಅಂತ ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ಕೆಲಸದಲ್ಲಿ ಹೊಟ್ಟೆ ತುಂಬುವುದು ಎರಡನೇ ಭೇಟಿಯಿಂದ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸುಮಾರು ಜನ ನೇರವಾಗಿ ಪೋಸ್ಟರ್‌ನಿಂದ ಶುರು ಮಾಡುತ್ತಾರೆ. ಇಲ್ಲಿ ಅದು ಏಳನೇ ಹಂತದಲ್ಲಿದೆ.

1. ಮನೆ ಹತ್ತಿರ ಒಂದೇ ಬ್ಯಾಚ್‌ಗೆ ಆರು ತಿಂಗಳು ಕಲಿಸಿ

ಕುಣಿಯುವುದು ಬೇರೆ, ಕಲಿಸುವುದು ಬೇರೆ ಅಂತ ಎಲ್ಲರೂ ಹೇಳುತ್ತಾರೆ. ಅದು ಮೈಗೆ ತಿಳಿಯುವುದು ಒಂದೇ ಮಕ್ಕಳ ಗುಂಪನ್ನು ತಿಂಗಳುಗಟ್ಟಲೆ ನೋಡಿದಾಗ. ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್, ಶಾಲೆಯ ಹಾಲ್, ಯಾವುದಾದರೂ ಸರಿ. 8ರಿಂದ 14 ವರ್ಷದ ಹತ್ತು ಮಕ್ಕಳು, ವಾರಕ್ಕೆ ಎರಡು ಕ್ಲಾಸ್.

ಪರೀಕ್ಷೆ ಸುಲಭ. ಹಾಡು ಹಾಕಿ ನೀವು ಹಿಂದೆ ಹೋಗಿ ನಿಲ್ಲಿ. ಮಕ್ಕಳು ನಿಮ್ಮನ್ನು ನೋಡದೆ ಎರಡು ನಿಮಿಷ ಬೀಟ್ ಬಿಡದೆ ಕುಣಿದರೆ ನೀವು ಊರು ಬಿಡಬಹುದು. ಎಲ್ಲರೂ ತಿರುಗಿ ನಿಮ್ಮ ಮುಖ ನೋಡಿದರೆ ಇನ್ನೂ ಎರಡು ತಿಂಗಳು ಇಲ್ಲೇ ಇರಿ.

ಏನು ಕಲಿಸುತ್ತೀರಿ ಅನ್ನುವುದೂ ಈಗಲೇ ಗಟ್ಟಿಯಾಗಲಿ. ಹಿಪ್ ಹಾಪ್, ಬ್ರೇಕಿಂಗ್, ಪಾಪಿಂಗ್, ಲಾಕಿಂಗ್, ಹೌಸ್ ಎಲ್ಲ ಬೇರೆ ಬೇರೆ ಶೈಲಿಗಳು. ಐದನ್ನೂ ಒಂದೇ ಪೋಸ್ಟರ್‌ನಲ್ಲಿ ಹಾಕುವವರಿಗೆ ಒಂದೂ ಪೂರ್ತಿ ಬರುವುದಿಲ್ಲ ಅನ್ನುವುದು ನನ್ನ ಅನುಭವ. ಒಂದೋ ಎರಡೋ ಆರಿಸಿಕೊಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಇತ್ತಲ್ಲ, ಆಮೇಲಿಂದ "ಬ್ರೇಕ್ ಡ್ಯಾನ್ಸ್ ಹೇಳಿಕೊಡ್ತೀರಾ" ಅಂತ ಕೇಳುವವರು ಜಾಸ್ತಿ. ಬಾರದಿದ್ದರೆ ಬರುವುದಿಲ್ಲ ಅನ್ನಿ. ಮಣಿಕಟ್ಟು, ಭುಜ, ಕುತ್ತಿಗೆಯ ಮೇಲೆ ಭಾರ ಬೀಳುವ ಶೈಲಿ ಅದು. ಹಿಂದಿನ ರಾತ್ರಿ ಯೂಟ್ಯೂಬ್ ನೋಡಿ ಬೆಳಿಗ್ಗೆ ಕಲಿಸುವಂಥದ್ದಲ್ಲ.

ಸರ್ಟಿಫಿಕೇಟ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಇಡೀ ಹಿಪ್ ಹಾಪ್‌ಗೆ ಮುದ್ರೆ ಒತ್ತುವ ಒಂದೇ ಸಂಸ್ಥೆ ಅಂತ ಇಲ್ಲ. "ಅಂತರರಾಷ್ಟ್ರೀಯ ಪ್ರಮಾಣಪತ್ರ"ಕ್ಕೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ, ಅದೇ ದುಡ್ಡಿನಲ್ಲಿ ಒಳ್ಳೆಯ ಮಾಸ್ಟರ್ ಹತ್ತಿರ ಎಷ್ಟು ಕ್ಲಾಸ್ ಆಗುತ್ತದೆ ಅಂತ ಲೆಕ್ಕ ಹಾಕಿ. ಯಾರ ಹತ್ತಿರ ಕಲಿತಿರಿ ಅಂತ ಕೇಳಿದರೆ ಹೆಸರು ಹೇಳಲು ಬರಬೇಕು. ಅಷ್ಟೇ ಅಲ್ಲ, ಲಾಕಿಂಗ್ ಕಲಿಸುವವರಿಗೆ ಆ ಶೈಲಿ ಹುಟ್ಟುಹಾಕಿದ ಲಾಸ್ ಏಂಜಲೀಸ್‌ನ ಡಾನ್ ಕ್ಯಾಂಪ್‌ಬೆಲ್, ಪಾಪಿಂಗ್ ಕಲಿಸುವವರಿಗೆ ಅದಕ್ಕೆ ಬುನಾದಿ ಹಾಕಿದ ಫ್ರೆಸ್ನೋದ ಬೂಗಲೂ ಸ್ಯಾಮ್ ಯಾರು ಅಂತ ಗೊತ್ತಿರಬೇಕು. ಸಣ್ಣ ಊರಿನ ಹದಿನಾಲ್ಕರ ಹುಡುಗನಿಗೂ ಇವೆಲ್ಲ ಗೊತ್ತಿರುತ್ತವೆ. ತರಗತಿಯ ಮಧ್ಯೆ ಕೇಳಿಯೇ ಕೇಳುತ್ತಾನೆ.

2. 90 ನಿಮಿಷದ ಪಾಠವನ್ನು ಕಾಗದದ ಮೇಲೆ ಬರೆಯಿರಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾನು ಹಂಚುವುದು ಹೀಗೆ: ಮೈ ಬಿಸಿ ಮಾಡುವುದಕ್ಕೆ 15 ನಿಮಿಷ, ಗ್ರೂವ್‌ಗೆ (ಬೀಟ್‌ಗೆ ಮೈ ತೂಗುವುದು) 20, ಸ್ಟೆಪ್‌ಗಳಿಗೆ 20, ಕಾಂಬಿನೇಷನ್‌ಗೆ (ಸ್ಟೆಪ್‌ಗಳನ್ನು ಪೋಣಿಸಿದ ತುಣುಕು) 20, ಸೈಫರ್‌ಗೆ (ವೃತ್ತ ಮಾಡಿ ಒಬ್ಬೊಬ್ಬರೇ ನಡುವೆ ಬಂದು ಕುಣಿಯುವುದು) 10, ಕೊನೆಗೆ ಮೈ ಸಡಿಲಿಸಲು 5.

ಗ್ರೂವ್‌ಗೆ 20 ನಿಮಿಷ ಯಾಕೆ ಅಂದರೆ, ಹೊಸ ಮಕ್ಕಳು ಬೀಟ್ ಬಿದ್ದ ಕೂಡಲೇ ಮೇಲಕ್ಕೆ ಎಗರುತ್ತಾರೆ. ಹಿಪ್ ಹಾಪ್‌ನ ಮೂಲ ಬೌನ್ಸ್‌ನಲ್ಲಿ ಬೀಟ್‌ಗೆ ಮೈ ಕೆಳಗಿಳಿಯಬೇಕು. ಇದು ಸರಿಯಾಗದೆ ಮೇಲೆ ಎಷ್ಟು ಸ್ಟೆಪ್ ಪೇರಿಸಿದರೂ ಪಿಟಿ ಡ್ರಿಲ್ ಥರ ಕಾಣುತ್ತದೆ. ನಿಮಿಷಕ್ಕೆ 90 ಬೀಟ್ ಇರುವ ಹಾಡಿನಿಂದ ಶುರು ಮಾಡಿ. 100 ದಾಟಿದರೆ ಹೊಸಬರು ಮಂಡಿ ಮಡಚುವುದನ್ನೇ ಬಿಟ್ಟುಬಿಡುತ್ತಾರೆ.

ಆಯಾ ಊರಿನ ಮಕ್ಕಳ ಮೈಯಲ್ಲಿ ಈಗಾಗಲೇ ಏನಿದೆ ನೋಡಿ. ಮಂಗಳೂರು ಕಡೆ ಹುಲಿವೇಷ ಕುಣಿದ ಮಕ್ಕಳಿಗೆ ಮಂಡಿ ಮಡಚಿ ತಗ್ಗಿ ನಿಲ್ಲುವುದು ಹೊಸದೇನಲ್ಲ. ಅವರಿಗೆ ಕಷ್ಟವಾಗುವುದು ನಿಧಾನ. ಭರತನಾಟ್ಯ ಕಲಿತವರಿಗೆ ಅರೆಮಂಡಿ ಇದೆ, ತಾಳ ಇದೆ. ಆದರೆ ಬೆನ್ನು ನೆಟ್ಟಗೇ ಇರುತ್ತದೆ. ಎದೆ, ಭುಜ ಸಡಿಲ ಮಾಡಿಸಲು ಐದು ನಿಮಿಷ ಹೆಚ್ಚು ಕೊಡಿ. ಡೊಳ್ಳು ಬಾರಿಸಿ ಗೊತ್ತಿರುವ ಮಕ್ಕಳು ಸಿಕ್ಕರೆ ನೀವು ಅದೃಷ್ಟವಂತರು, ಬೀಟ್ ಎಲ್ಲಿದೆ ಅಂತ ಹುಡುಕಿ ತೋರಿಸುವ ಕೆಲಸವೇ ತಪ್ಪಿತು.

ಸ್ಟೆಪ್‌ಗಳು ಮೂರು ಸಾಕು. ರನ್ನಿಂಗ್ ಮ್ಯಾನ್, ಪಾರ್ಟಿ ಮಷೀನ್, ಬಾರ್ಟ್ ಸಿಂಪ್ಸನ್ ಅಂಥವು. ಹೆಸರಿರುವ ಸ್ಟೆಪ್ ಕಲಿಸಿದರೆ ಮಕ್ಕಳು ಮನೆಗೆ ಹೋಗಿ ಆ ಹೆಸರು ಹೇಳುತ್ತಾರೆ, ಹುಡುಕಿ ನೋಡುತ್ತಾರೆ, ಮತ್ತೆ ಅಭ್ಯಾಸ ಮಾಡುತ್ತಾರೆ.

ಕಾಂಬಿನೇಷನ್ ನಾಲ್ಕು ಎಂಟರಲ್ಲಿ ಮುಗಿಯಲಿ, ಅಂದರೆ 32 ಕೌಂಟ್. 90 ಬೀಟ್ ವೇಗದಲ್ಲಿ ಅದು ಸುಮಾರು 21 ಸೆಕೆಂಡ್. ಕಡಿಮೆ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿ ಮೊದಲ ವರ್ಷವಿಡೀ ಎಂಟು ಎಂಟು, ಅಂದರೆ 64 ಕೌಂಟ್ ಕಲಿಸಿದೆ. ಮುಂದಿನ ಸಾಲಿನ ನಾಲ್ಕು ಮಕ್ಕಳು ಮಾತ್ರ ಮುಗಿಸುತ್ತಿದ್ದರು. ಉಳಿದವರು ಸೋತ ಮುಖ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಆ ಮನೆಗಳಿಂದ ಎರಡನೇ ಸಲ ಫೀಸ್ ಬರಲಿಲ್ಲ.

ಸಣ್ಣ ಊರಿನ ಬಹಳಷ್ಟು ಹಾಲ್‌ಗಳಲ್ಲಿ ಕನ್ನಡಿ ಇರುವುದಿಲ್ಲ. ಮೊದಲು ಬೆನ್ನು ತೋರಿಸಿ ಕಲಿಸಿ, ಆಮೇಲೆ ಮಕ್ಕಳ ಕಡೆ ತಿರುಗಿ ಅದನ್ನೇ ಎಡಬಲ ಅದಲುಬದಲು ಮಾಡಿ ತೋರಿಸಿ. "ಬಲಗಾಲು" ಅಂತ ಬಾಯಲ್ಲಿ ಹೇಳುತ್ತಾ ನಿಮ್ಮ ಎಡಗಾಲು ಇಡಬೇಕು. ಇದಕ್ಕೆ ಬೇರೆ ಅಭ್ಯಾಸವೇ ಬೇಕು, ಮನೆಯಲ್ಲಿ ಮಾಡಿಕೊಂಡು ಹೋಗಿ. ಹತ್ತು ನಿಮಿಷಕ್ಕೊಮ್ಮೆ ಸಾಲು ಬದಲಿಸಿ, ಹಿಂದಿನವರು ಮುಂದೆ ಬರಲಿ.

ಎಚ್ಚರಿಕೆಯ ಗುರುತು: ಅರ್ಧ ಪಾಠ ಆಗುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಮಾತು ಶುರುವಾದರೆ ಅದು ಶಿಸ್ತಿನ ಸಮಸ್ಯೆ ಅಂದುಕೊಳ್ಳಬೇಡಿ. ನೀವು ಓಡುತ್ತಿದ್ದೀರಿ. ಬೈಯುವ ಬದಲು ಒಂದು ಎಂಟು ಕಡಿಮೆ ಮಾಡಿ.

3. ತಿರುಗಾಟದ ಊರು, ತಿಂಗಳು ಗುರುತು ಹಾಕಿ

"ತಿರುಗಾಟ" ಅನ್ನುವ ಮಾತನ್ನು ಯಕ್ಷಗಾನ ಮೇಳಗಳಿಂದ ಎರವಲು ಪಡೆದಿದ್ದೇನೆ. ಮೇಳದವರು ಮಳೆ ಮುಗಿದ ಮೇಲೆ ಹೊರಟು ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತಾರೆ. ಎಲ್ಲಿಂದ ಎಲ್ಲಿಗೆ ಅಂತ ಮೊದಲೇ ಗೊತ್ತಿರುತ್ತದೆ. ನಮಗೂ ಅದೇ ಬೇಕು.

ಹತ್ತು ಊರು ಬೇಡ. ಒಂದೇ ದಾರಿಯ ಮೂರು ನಾಲ್ಕು ಊರು ಆರಿಸಿ. ಬೆಂಗಳೂರಿನಿಂದ ಹೊರಟರೆ ತುಮಕೂರು, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ ಒಂದೇ ರೈಲು ದಾರಿಯಲ್ಲಿವೆ. ಕರಾವಳಿಯಲ್ಲಿ ಮಂಗಳೂರು, ಉಡುಪಿ, ಮಣಿಪಾಲ, ಕುಂದಾಪುರ ಒಂದು ಸುತ್ತು. ಶುಕ್ರವಾರ ಸಂಜೆ ಒಂದು ಊರು, ಶನಿವಾರ ಮತ್ತು ಭಾನುವಾರ ಪಕ್ಕದ ಊರು ಅಂತ ಜೋಡಿಸಿದರೆ ಪ್ರಯಾಣದ ಖರ್ಚು ಎರಡಕ್ಕೂ ಹಂಚಿಹೋಗುತ್ತದೆ.

ಏಪ್ರಿಲ್, ಮೇ ಬೇಸಿಗೆ ಶಿಬಿರಗಳ ಕಾಲ. ಅದಕ್ಕೆ ಮಾತುಕತೆ ಜನವರಿಯಲ್ಲೇ ಆಗಬೇಕು. ದಸರಾ ರಜೆ ಇನ್ನೊಂದು ಕಿಟಕಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ವಾರ್ಷಿಕೋತ್ಸವಗಳು. ಆಗ ಕರೆಯುವವರಿಗೆ ಬೇಕಾಗಿರುವುದು ಪಾಠ ಅಲ್ಲ, ಸ್ಟೇಜ್ ಮೇಲೆ ನಿಲ್ಲುವ ಐಟಂ. ಎರಡಕ್ಕೂ ಬೇರೆ ದರ ಇರಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ, ಯಾವ ತಾಯಿಯೂ ಮಕ್ಕಳನ್ನು ಕಳಿಸುವುದಿಲ್ಲ. ಜೂನ್, ಜುಲೈನಲ್ಲಿ ಶಾಲೆ ಫೀಸು ಕಟ್ಟಿ ಮನೆಗಳು ಖಾಲಿಯಾಗಿರುತ್ತವೆ, ಘಾಟಿ ರಸ್ತೆಗಳಲ್ಲಿ ಮಣ್ಣು ಕುಸಿಯುತ್ತಿರುತ್ತದೆ. ಆ ತಿಂಗಳುಗಳು ನೀವು ಕಲಿಯುವುದಕ್ಕೆ.

4. ಮೊದಲ ಫೋನ್ ಆ ಊರಿನ ಮಾಸ್ಟರ್‌ಗೆ

ಸ್ವಂತವಾಗಿ ಹಾಲ್ ಬಾಡಿಗೆ ಹಿಡಿದು, ಜಾಹೀರಾತು ಕೊಟ್ಟು ಮಕ್ಕಳನ್ನು ಕರೆಯುವುದು ಕಷ್ಟದ ದಾರಿ. ಆ ಊರಿನಲ್ಲಿ ಈಗಾಗಲೇ ಕಲಿಸುತ್ತಿರುವವರು ಇದ್ದೇ ಇರುತ್ತಾರೆ. ಅವರಿಗೆ ಮಕ್ಕಳಿದ್ದಾರೆ, ಜಾಗ ಇದೆ, ಅಪ್ಪ ಅಮ್ಮಂದಿರ ನಂಬಿಕೆ ಇದೆ. ಅವರು ಸಿನಿಮಾ ಹಾಡಿಗೇ ಕಲಿಸುತ್ತಿರಬಹುದು. ಅದನ್ನು ಕೀಳಾಗಿ ನೋಡಿದಿರೋ, ಬಾಗಿಲು ಮುಚ್ಚಿತು.

ಮೆಸೇಜ್ ಚಿಕ್ಕದಾಗಿರಲಿ: "ನಮಸ್ಕಾರ ಮಾಸ್ಟರ್. ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಹಿಪ್ ಹಾಪ್ ಕಲಿಸುತ್ತೇನೆ. ನಿಮ್ಮ ವಿದ್ಯಾರ್ಥಿಗಳಿಗೆ ಎರಡು ದಿನದ ವರ್ಕ್‌ಶಾಪ್ ಮಾಡುವ ಆಸೆ ಇದೆ. ನಿಮ್ಮ ಕ್ಲಾಸಿನ ಹೆಸರಿನಲ್ಲೇ ನಡೆಯಲಿ. ನಾನು ಕಲಿಸುವ ಒಂದು ವಿಡಿಯೊ ಕಳಿಸಿದ್ದೇನೆ. ಬಿಡುವಾದಾಗ ಫೋನ್ ಮಾಡಬಹುದಾ?"

ನೀವು ಕುಣಿಯುವ ವಿಡಿಯೊ ಬೇಡ. ಕಲಿಸುವ ವಿಡಿಯೊ ಕಳಿಸಿ. ಎರಡು ನಿಮಿಷ, ಕತ್ತರಿಸದೇ ಇರುವಂಥದ್ದು. ಮಗು ತಪ್ಪು ಮಾಡಿದಾಗ ನೀವು ಹೇಗೆ ತಿದ್ದುತ್ತೀರಿ ಅನ್ನುವುದು ಅದರಲ್ಲಿ ಕಾಣಬೇಕು.

ಒಂದು ನಿಯಮ ಮುರಿಯಲೇಬೇಡಿ. ಅವರ ವಿದ್ಯಾರ್ಥಿಗಳ ಫೋನ್ ನಂಬರ್ ತೆಗೆದುಕೊಳ್ಳಬೇಡಿ, ಆನ್‌ಲೈನ್ ಕ್ಲಾಸಿಗೆ ಎಳೆಯಬೇಡಿ. ಪೋಷಕರೇ ಕೇಳಿದರೂ "ಮಾಸ್ಟರ್ ಮೂಲಕ ಬನ್ನಿ" ಅನ್ನಿ. ಒಂದು ಊರಿನ ಮಾಸ್ಟರ್‌ಗೆ ಮೋಸ ಆದರೆ ಪಕ್ಕದ ನಾಲ್ಕು ಊರಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ.

5. ದುಡ್ಡಿನ ಲೆಕ್ಕ, ಬರವಣಿಗೆಯ ಒಪ್ಪಂದ

ಹುಬ್ಬಳ್ಳಿಗೆ ಎರಡು ದಿನದ ವರ್ಕ್‌ಶಾಪ್ ಅಂದುಕೊಳ್ಳಿ. ಹೋಗಿ ಬರಲು 1,800 ರೂಪಾಯಿ, ರೂಮ್ 1,200, ಊಟ ಮತ್ತು ಆಟೊ 900, ಹಾಲ್ ಬಾಡಿಗೆ 3,000, ಪ್ರಚಾರ 600. ಒಟ್ಟು 7,500. ತಲೆಗೆ 500ರಂತೆ 22 ಮಕ್ಕಳು ಬಂದರೆ 11,000. ಉಳಿದದ್ದು 3,500. ಎರಡು ದಿನ ಕಲಿಸಲು, ಪ್ರಯಾಣಕ್ಕೆ, ತಯಾರಿಗೆ ಸೇರಿ ನಾಲ್ಕು ದಿನ ಹೋಗಿದೆ. ದಿನಕ್ಕೆ 875. ಮೂರು ಮಕ್ಕಳು ಬರದೇ ಹೋದರೆ ದಿನಕ್ಕೆ 500. ನಿಮ್ಮ ಊರಿನ ನಿಜವಾದ ಅಂಕಿ ಹಾಕಿ ಈ ಲೆಕ್ಕ ಮಾಡಿ. ಅದಾದ ಮೇಲೆ ತಲೆಗಿಷ್ಟು ಅನ್ನುವ ಪದ್ಧತಿಯ ಮೇಲೆ ನಿಮಗೇ ಪ್ರೀತಿ ಕಡಿಮೆಯಾಗುತ್ತದೆ.

ಬದಲಿಗೆ ಕೇಳಬೇಕಾದ್ದು ಕನಿಷ್ಠ ಖಾತರಿ. ಪ್ರಯಾಣ, ರೂಮ್, ಹಾಲ್ ಕರೆಸುವವರದು. ನಿಮಗೆ ಇಂತಿಷ್ಟು ಖಚಿತ ಮೊತ್ತ. 25 ಮಕ್ಕಳಿಗಿಂತ ಜಾಸ್ತಿ ಬಂದರೆ ಅದರ ಮೇಲಿನದ್ದರಲ್ಲಿ ಅರ್ಧ. ಹೀಗೆ ಮಾಡಿದರೆ ಮಕ್ಕಳನ್ನು ಸೇರಿಸುವ ಉತ್ಸಾಹ ಕರೆಸುವವರಿಗೂ ಇರುತ್ತದೆ.

ವಕೀಲರ ಪತ್ರ ಬೇಕಿಲ್ಲ. ವಾಟ್ಸಾಪ್‌ನಲ್ಲಿ ಒಂದೊಂದಾಗಿ ಬರೆದು, ಕೊನೆಗೆ "ಒಪ್ಪಿಗೆ" ಅಂತ ಉತ್ತರ ತರಿಸಿಕೊಳ್ಳಿ. ಇವಿಷ್ಟು ಇರಲಿ:

- ತಾರೀಖು, ಸಮಯ, ದಿನಕ್ಕೆ ಎಷ್ಟು ಗಂಟೆ (ನಾಲ್ಕಕ್ಕಿಂತ ಜಾಸ್ತಿ ಒಪ್ಪಬೇಡಿ)
- ಒಂದು ಬ್ಯಾಚಿನಲ್ಲಿ ಗರಿಷ್ಠ ಎಷ್ಟು ಮಕ್ಕಳು, ಯಾವ ವಯಸ್ಸು
- ಮುಂಗಡ ಅರ್ಧ, ಉಳಿದದ್ದು ಕೊನೆಯ ದಿನ ಕ್ಲಾಸ್ ಶುರುವಾಗುವ ಮುಂಚೆ
- ವರ್ಕ್‌ಶಾಪ್‌ಗೆ ಏಳು ದಿನಕ್ಕಿಂತ ಕಡಿಮೆ ಇರುವಾಗ ಅವರು ರದ್ದು ಮಾಡಿದರೆ ಮುಂಗಡ ವಾಪಸ್ ಇಲ್ಲ, ನೀವೇ ರದ್ದು ಮಾಡಿದರೆ ಪೂರ್ತಿ ವಾಪಸ್
- ವಿಡಿಯೊ ಯಾರು ತೆಗೆಯುತ್ತಾರೆ, ಎಲ್ಲಿ ಹಾಕಬಹುದು
- ಸಾರ್ವಜನಿಕ ಕಾರ್ಯಕ್ರಮವಾದರೆ ಹಾಡುಗಳ ಲೈಸೆನ್ಸ್ ಯಾರ ಜವಾಬ್ದಾರಿ

ಕೊನೆಯದ್ದನ್ನು ಎಲ್ಲರೂ ಮರೆಯುತ್ತಾರೆ. ಟಿಕೆಟ್ ಇಟ್ಟು ಧ್ವನಿಮುದ್ರಿತ ಹಾಡು ಹಾಕಿದರೆ ಹಾಡುಗಳ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಅನುಮತಿಯ ಪ್ರಶ್ನೆ ಬರುತ್ತದೆ. ಅದು ಆಯೋಜಕರ ಕೆಲಸ ಅಂತ ಬರಹದಲ್ಲಿರಲಿ.

ಶಾಲೆ, ಕಂಪನಿಗಳು ನಿಮ್ಮ ಫೀಸಿನಲ್ಲಿ 10% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವುದುಂಟು. ದುಡ್ಡು ಕಡಿಮೆ ಬಂತು ಅಂತ ಜಗಳಕ್ಕೆ ಹೋಗಬೇಡಿ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟು, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷದ ವಹಿವಾಟು 20 ಲಕ್ಷದ ಹತ್ತಿರ ಬಂದರೆ ಜಿಎಸ್‌ಟಿ ಬಗ್ಗೆ ಆಡಿಟರ್ ಹತ್ತಿರ ಮಾತಾಡಿ. ಬಂದರೆ ಸಂತೋಷವೇ.

ಎಚ್ಚರಿಕೆಯ ಗುರುತುಗಳು: "ದುಡ್ಡು ಕಡಿಮೆ, ಆದ್ರೆ ಎಕ್ಸ್‌ಪೋಷರ್ ಸಿಗುತ್ತೆ" ಅನ್ನುವವರು. ಮುಂಗಡದ ಮಾತು ಬಂದಾಗೆಲ್ಲ ವಿಷಯ ಬದಲಿಸುವವರು. ನಿಮ್ಮ ಫೋಟೊ ಪಕ್ಕ ಟಿವಿ ಶೋ ಲೋಗೊ ಹಾಕಿ "ಆಡಿಷನ್‌ಗೆ ಆಯ್ಕೆ" ಅಂತ ಪೋಷಕರಿಗೆ ಆಸೆ ತೋರಿಸುವವರು. ಕೊನೆಯವರ ಫೋನ್ ಎತ್ತಲೇಬೇಡಿ. ಒಂದು ಊರಿನಲ್ಲಿ ನನ್ನ ಹೆಸರಿನಲ್ಲಿ ಹೀಗೆ ಆಗಿತ್ತು. ವರ್ಕ್‌ಶಾಪ್ ಮುಗಿದ ಮೇಲೆ ಒಬ್ಬ ತಂದೆ ಬಂದು, "ಆಯ್ಕೆ ಪಟ್ಟಿ ಯಾವಾಗ ಬರುತ್ತೆ ಸರ್?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಊರಿಗೆ ಇವತ್ತಿಗೂ ಮತ್ತೆ ಹೋಗಿಲ್ಲ.

6. ನೆಲ, ಕರೆಂಟು, ಸೌಂಡು, ಚೀಲ

ಹಾಲ್‌ನ ಫೋಟೊ ಸಾಲದು. ವಿಡಿಯೊ ಕಾಲ್ ಮಾಡಿಸಿ, ಕ್ಯಾಮೆರಾ ನೆಲಕ್ಕೆ ಹಿಡಿಯಲು ಹೇಳಿ. ಮರದ ನೆಲ ಸಿಕ್ಕರೆ ಭಾಗ್ಯ. ಹೆಚ್ಚಾಗಿ ಸಿಗುವುದು ಟೈಲ್ಸ್, ಗ್ರಾನೈಟ್, ಇಲ್ಲವೇ ಬರಿ ಸಿಮೆಂಟು. ಪಾಲಿಶ್ ಗ್ರಾನೈಟ್ ಮೇಲೆ ಸಾಕ್ಸ್ ಹಾಕಿಕೊಂಡು ಕುಣಿದರೆ ಜಾರುವುದು ಗ್ಯಾರಂಟಿ. ಶೂ ಕಡ್ಡಾಯ ಅಂತ ಮೊದಲೇ ತಿಳಿಸಿ. ದೇವಸ್ಥಾನದ ಸಭಾಭವನವಾದರೆ ಶೂ ಬಿಡುವುದಿಲ್ಲ, ಆಗ ಬರಿಗಾಲು, ಜಿಗಿತ ಇಲ್ಲದ ಪಾಠ. ಸಿಮೆಂಟು ನೆಲದಲ್ಲಿ ಮಂಡಿ ಊರುವ ಯಾವುದನ್ನೂ ಕಲಿಸಬೇಡಿ.

ಬ್ಲೂಟೂತ್ ನಂಬಬೇಡಿ. ಒಮ್ಮೆ ಕಾಂಬಿನೇಷನ್ ನಡುವೆ ಆಯೋಜಕರ ಫೋನ್ ತಾನಾಗಿಯೇ ಸ್ಪೀಕರ್‌ಗೆ ಸೇರಿಕೊಂಡಿತು. ಅವರ ಮನೆಯಿಂದ ಬಂದ ಕರೆ, ಸಾಂಬಾರಿಗೆ ಏನು ತರಕಾರಿ ಅನ್ನುವ ಮಾತು, ಇಡೀ ಹಾಲ್‌ಗೆ ಕೇಳಿಸಿತು. ಮಕ್ಕಳು ನಕ್ಕು ನಕ್ಕು ಸುಸ್ತಾಗಿ ಹತ್ತು ನಿಮಿಷ ಕ್ಲಾಸ್ ನಿಂತಿತು. ವೈರ್ ಇಟ್ಟುಕೊಳ್ಳಿ, ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ, ಹಾಡುಗಳು ಮೊದಲೇ ಡೌನ್‌ಲೋಡ್ ಆಗಿರಲಿ.

ಚೀಲದಲ್ಲಿ ಇವು ಇರಲೇಬೇಕು:

- ಚಾರ್ಜ್ ಆಗುವ ಸ್ಪೀಕರ್ (ಕರೆಂಟು ಹೋಗೇ ಹೋಗುತ್ತದೆ), ಆಕ್ಸ್ ಕೇಬಲ್, ಫೋನಿಗೆ ಬೇಕಾದ ಕನೆಕ್ಟರ್ ಎರಡು
- ಎಕ್ಸ್‌ಟೆನ್ಷನ್ ಬಾಕ್ಸ್, ದಪ್ಪ ಪಿನ್ನಿನದ್ದನ್ನು ಸಣ್ಣದಕ್ಕೆ ಬದಲಿಸುವ ಪ್ಲಗ್
- ಹಾಡಿನ ವೇಗ 75%, 85%ಗೆ ಇಳಿಸುವ ಆ್ಯಪ್
- ಹೆಡ್‌ಸೆಟ್ ಮೈಕ್
- ನೆಲಕ್ಕೆ ಅಂಟಿಸುವ ಟೇಪ್, ಸಾಲು ಗುರುತು ಹಾಕಲು
- ಒಳಗೆ ಮಾತ್ರ ಹಾಕುವ ಶೂ, ಮಂಡಿಗೆ ಪ್ಯಾಡ್
- ಕ್ರೇಪ್ ಬ್ಯಾಂಡೇಜ್, ಓಆರ್‌ಎಸ್, ಐಸ್ ಪ್ಯಾಕ್

7. ಪೋಸ್ಟರ್ ಮತ್ತು ಪೋಷಕರು

ಪೋಸ್ಟರ್ ಕನ್ನಡದಲ್ಲಿರಲಿ. ವಯಸ್ಸು, ಸಮಯ, ಫೀಸು, ಏನು ಹಾಕಿಕೊಂಡು ಬರಬೇಕು, ಯಾವ ಹಾಲ್, ಇಷ್ಟೇ ಸಾಕು. "ಬ್ಯಾಟಲ್" (ಎದುರುಬದುರು ಕುಣಿಯುವ ಪೈಪೋಟಿ), "ಸೈಫರ್" ಅನ್ನುವ ಪದಗಳಿಗೆ ಮಕ್ಕಳು ಹಿಗ್ಗುತ್ತಾರೆ, ಫೀಸು ಕೊಡುವವರು ಹೆದರುತ್ತಾರೆ.

"ಸಿನಿಮಾ ಹಾಡಿಗೆ ಮಾಡಿಸಲ್ವಾ?" ಅನ್ನುವ ಪ್ರಶ್ನೆ ಪ್ರತಿ ಊರಿನಲ್ಲೂ ಬರುತ್ತದೆ. ಮುಖ ಗಂಟು ಹಾಕಬೇಡಿ. ಕೊನೆಯ ಕಾಂಬಿನೇಷನ್‌ಗೆ ಒಂದು ಕನ್ನಡ ರ‍್ಯಾಪ್ ಹಾಡು ಇಟ್ಟುಕೊಳ್ಳಿ, ಮಾತು ಸ್ವಚ್ಛವಾಗಿರುವಂಥದ್ದು. ಇಂಗ್ಲಿಷ್ ಹಾಡಿನ ಸಾಹಿತ್ಯವನ್ನೂ ಪೂರ್ತಿ ಕೇಳಿಯೇ ಆರಿಸಿ. ಬೈಗುಳ ತೆಗೆದ ಆವೃತ್ತಿ ಸಿಗುತ್ತದೆ, ಹುಡುಕಿ.

ಒಂದು ವಾರ ಮುಂಚೆ ಹತ್ತು ಹೆಸರೂ ಬಂದಿಲ್ಲದಿದ್ದರೆ ಕರೆಸಿದವರ ಜೊತೆ ಕೂತು ಮುಂದಕ್ಕೆ ಹಾಕಿ. ಖಾಲಿ ಹಾಲ್‌ನಲ್ಲಿ ಮಾಡಿ ಇಬ್ಬರೂ ಮುಖ ಸಣ್ಣಗೆ ಮಾಡಿಕೊಳ್ಳುವುದಕ್ಕಿಂತ ಅದು ವಾಸಿ.

8. ಪ್ರಯಾಣ

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ತಾರೀಖು ಒಪ್ಪಿದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ತತ್ಕಾಲ್ ನಂಬಿ ಕೂತರೆ ವಾರಾಂತ್ಯದಲ್ಲಿ ಸಿಗುವುದು ಕಷ್ಟ, ಸಿಕ್ಕಿದ್ದನ್ನು ರದ್ದು ಮಾಡಿದರೆ ದುಡ್ಡೂ ವಾಪಸ್ ಬರುವುದಿಲ್ಲ.

ಹಿಂದಿನ ಸಂಜೆಯೇ ಊರು ತಲುಪಿ. ರಾತ್ರಿ ಬಸ್ಸಿನಲ್ಲಿ ಕುಕ್ಕಿಸಿಕೊಂಡು ಬೆಳಿಗ್ಗೆ ಆರಕ್ಕೆ ಇಳಿದು ಹತ್ತಕ್ಕೆ ಕುಣಿದರೆ ಸೊಂಟ ಮಾತಾಡುತ್ತದೆ. ಹುಡುಗಿಯರು ನಸುಕಿನ ನಾಲ್ಕಕ್ಕೆ ಇಳಿಯುವ ಬಸ್ ಹಿಡಿಯಲೇಬೇಡಿ. ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ರೂಮ್ ಎಲ್ಲಿ, ಹೊರಡುವ ಮುಂಚೆಯೇ ಗೊತ್ತಿರಲಿ.

9. ಮಕ್ಕಳ ಸುರಕ್ಷತೆ

18 ವರ್ಷದೊಳಗಿನವರಿಗೆಲ್ಲ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಹೊಸ ಊರಿಗೆ ಬಂದ ಅಪರಿಚಿತರು ನೀವು. ಹಾಗಾಗಿ ಮಕ್ಕಳಿಗೂ ನಿಮಗೂ ರಕ್ಷಣೆ ಬೇಕು. ಹಾಲ್‌ನಲ್ಲಿ ಯಾವಾಗಲೂ ಇನ್ನೊಬ್ಬ ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಯಾವ ಮಗುವಿನ ಜೊತೆಯೂ ಒಬ್ಬರೇ ಉಳಿಯಬೇಡಿ. ಕೈಕಾಲು ಮುಟ್ಟಿ ತಿದ್ದುವ ಬದಲು ಮಾಡಿ ತೋರಿಸಿ. ಮುಟ್ಟಲೇಬೇಕಾದರೆ ಕೇಳಿ ಮುಟ್ಟಿ. ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಮಾಡಬೇಡಿ, ಎಲ್ಲವೂ ಪೋಷಕರ ಗುಂಪಿನಲ್ಲೇ ಇರಲಿ. ವಿಡಿಯೊ ಹಾಕಲು ಪೋಷಕರ ಒಪ್ಪಿಗೆ ಬರಹದಲ್ಲಿ ಬೇಕು.

ಯಾವುದಾದರೂ ಮಗು ನಿಮ್ಮ ಹತ್ತಿರ ಗಂಭೀರ ವಿಷಯ ಹೇಳಿಕೊಂಡರೆ ಮುಚ್ಚಿಡಬೇಡಿ, ಲೈಂಗಿಕ ದೌರ್ಜನ್ಯ ತಿಳಿದೂ ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಆಸ್ತಮಾ, ಹಳೆಯ ಪೆಟ್ಟು, ಇತ್ತೀಚಿನ ಆಪರೇಷನ್ ಇದೆಯಾ ಅಂತ ಹೆಸರು ಬರೆಸುವಾಗಲೇ ಕೇಳಿ.

10. ಕ್ಲಾಸಿನ ದಿನ

ಒಂದು ಗಂಟೆ ಮುಂಚೆ ಹೋಗಿ ನೆಲ ಒರೆಸಿಸಿ, ಸೌಂಡ್ ಪರೀಕ್ಷಿಸಿ, ಹಿಂದಿನ ಸಾಲಿನಲ್ಲಿ ನಿಂತು ನಿಮ್ಮ ಧ್ವನಿ ಕೇಳಿಸುತ್ತದಾ ನೋಡಿ. ಮಕ್ಕಳು ಬಂದ ಮೇಲೆ ನೀವು ಕುಣಿದು ತೋರಿಸಿ ಶುರು ಮಾಡಬೇಡಿ. ಚಪ್ಪಾಳೆ ಸಿಗುತ್ತದೆ ನಿಜ, ಆದರೆ ಹಿಂದಿನ ಸಾಲಿನ ದಪ್ಪ ಹುಡುಗ "ನನ್ನಿಂದಾಗಲ್ಲ" ಅಂತ ಆಗಲೇ ತೀರ್ಮಾನ ಮಾಡಿರುತ್ತಾನೆ. ನಿಮ್ಮ ಕುಣಿತ ಕೊನೆಯ ದಿನಕ್ಕಿರಲಿ.

ಇನ್ನು ಸೈಫರ್. ನಾಚಿಕೆಯ ಮಕ್ಕಳನ್ನು ಎಳೆದು ತರಬೇಡಿ. ಮೊದಲು ಇಬ್ಬಿಬ್ಬರನ್ನು ಕಳಿಸಿ, ಒಂದೇ ಒಂದು ಎಂಟು ಕೌಂಟು, ಅಂದು ಕಲಿತ ಸ್ಟೆಪ್ಪೇ ಸಾಕು. ವಿಡಿಯೊ ತೆಗೆಯುವಾಗ ಎಲ್ಲ ಗುಂಪುಗಳದ್ದೂ ತೆಗೆಯಿರಿ. 22 ಮಕ್ಕಳಲ್ಲಿ ಚೆನ್ನಾಗಿ ಕುಣಿಯುವ ಮೂವರದ್ದು ಮಾತ್ರ ಹಾಕಿದರೆ ಉಳಿದ 19 ಮನೆಗಳಲ್ಲಿ ಅದನ್ನು ನೋಡುವವರು ಯಾರು?

ಊರಿನ ಮಾಸ್ಟರ್ ಮೂಲೆಯಲ್ಲಿ ನಿಂತಿರುತ್ತಾರೆ. ಅವರನ್ನು ಮುಂದೆ ಕರೆದು ಒಂದು ಸಾಲು ತಿದ್ದಲು ಕೇಳಿ. ಮಕ್ಕಳ ಎದುರು ಅವರ ತಪ್ಪು ಎತ್ತಿ ಆಡಬೇಡಿ.

11. ಮೈ ಮತ್ತು ಗಂಟಲು

ಹಾಡಿನ ಮೇಲೆ ಕೂಗಿ ಕೂಗಿ ಗಂಟಲು ಹಾಳು ಮಾಡಿಕೊಂಡವರು ನಮ್ಮಲ್ಲಿ ಬಹಳ. ಮೈಕ್ ಬಳಸಿ, ಹಾಡು ನಿಲ್ಲಿಸಿ ಮಾತಾಡಿ. ಧ್ವನಿ ಕೂತು ಎರಡು ಮೂರು ವಾರವಾದರೂ ಸರಿಯಾಗದಿದ್ದರೆ ಕಷಾಯ ನಂಬಿ ಕೂರದೆ ಕಿವಿ ಮೂಗು ಗಂಟಲು ಡಾಕ್ಟರ್ ಹತ್ತಿರ ಹೋಗಿ. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತಿದೆಯಾ? ಅದು ಮುಂದಿನ ಊರು ಬಿಡಿ ಅನ್ನುವ ಸೂಚನೆ. ತಿಂಗಳಿಗೆ ಎರಡು ವಾರಾಂತ್ಯಕ್ಕಿಂತ ಜಾಸ್ತಿ ತಿರುಗಬೇಡಿ.

12. ವಾಪಸ್ ಬಂದ ಮೇಲಿನ ಏಳು ದಿನ

ಮೊದಲ ದಿನ ಮಾಸ್ಟರ್‌ಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿ, ಲೆಕ್ಕ ಚುಕ್ತಾ ಮಾಡಿ. ಮೂರನೇ ದಿನದೊಳಗೆ ಅಭ್ಯಾಸದ ವಿಡಿಯೊ ಅವರಿಗೆ ಕಳಿಸಿ. ನಿಧಾನ ವೇಗದಲ್ಲಿ ಒಮ್ಮೆ, ಹಾಡಿನ ಜೊತೆ ಒಮ್ಮೆ, ಬೆನ್ನು ತೋರಿಸಿ ಒಮ್ಮೆ. ಅವರೇ ಮಕ್ಕಳಿಗೆ ಹಂಚಲಿ. ಅವರ ಮಾಮೂಲಿ ಕ್ಲಾಸಿನಲ್ಲಿ ಅದೇ ಪಾಠ ಮುಂದುವರಿದರೆ ನಿಮ್ಮ ಕೆಲಸ ನೀವಿಲ್ಲದಾಗಲೂ ನಡೆಯುತ್ತಿರುತ್ತದೆ.

ಡೈರಿಯಲ್ಲಿ ಬರೆದಿಡಿ: ಎಷ್ಟು ಮಕ್ಕಳು, ಏನು ಕಲಿಸಿದೆ, ಯಾವ ಹಾಡು, ನೆಲ ಹೇಗಿತ್ತು, ಯಾರಿಗೆ ಏನು ಕಷ್ಟವಾಯಿತು, ಮಾಸ್ಟರ್‌ಗೆ ಯಾವುದು ಹಿಡಿಸಲಿಲ್ಲ. ನಾಲ್ಕೈದು ಮಕ್ಕಳ ಹೆಸರೂ ಇರಲಿ.

ಏಳನೇ ದಿನ ಮುಂದಿನ ತಾರೀಖು ಕೇಳಿ. "ಯಾವಾಗಲಾದರೂ ಕರೆಯಿರಿ" ಅಂದರೆ ಯಾವಾಗಲೂ ಕರೆಯುವುದಿಲ್ಲ. "ದಸರಾ ರಜೆಯ ಎರಡನೇ ಶನಿವಾರ ಆಗುತ್ತಾ ಮಾಸ್ಟರ್?" ಅಂತ ನೇರವಾಗಿ ಕೇಳಿ. ಬೇಡ ಅಂದರೆ ಏನು ಸರಿಹೋಗಲಿಲ್ಲ ಅಂತಲೂ ಕೇಳಿ. ಮುಜುಗರ ಆಗುತ್ತದೆ, ಆದರೂ ಕೇಳಿ.

ಎರಡನೇ ಸಲ ಹೋದಾಗ ಹೊಸ ಪಾಠ ತೆರೆಯುವ ಮುಂಚೆ ಹಳೆಯ ಹಾಡು ಹಾಕಿ, ಏನೂ ಹೇಳದೆ ಗೋಡೆಗೆ ಒರಗಿ ನಿಲ್ಲಿ. ಹೋದ ಸಲದ ಆ 32 ಕೌಂಟು ಎಷ್ಟು ಮಕ್ಕಳ ಕಾಲಿನಲ್ಲಿ ಉಳಿದಿದೆ ಅಂತ ಎಣಿಸಿ, ಆ ಸಂಖ್ಯೆಯನ್ನು ಡೈರಿಯಲ್ಲಿ ಬರೆದುಕೊಂಡು ಆಮೇಲೆ ಶುರು ಮಾಡಿ.